ಕಲ್ಲಿಗೆ ಸಾಕು, ದೀಪಕ್ಕೆ ಸಾಲದು

ಮನುಷ್ಯನು ತನಗೆ ಪ್ರಿಯವಾದ ಕಾರ್ಯಕ್ಕೆ ಉತ್ತಮತರವಾದ ಸಾಧನವನ್ನು ಬಯಸುವುದು ಸಹಜ. ಬಯಸಿದುದನ್ನು ಕೊಳ್ಳುವ ಮುನ್ನ ಅದು ಆ ಕಾರ್ಯಕ್ಕೆ ನಿಜವಾಗಿ ಏನನ್ನು ಕೂಡಿಸಿಕೊಡುವುದೆಂದು ತೂಗಿ ನೋಡುವುದು ವಿಹಿತ. ಸಣ್ಣ ಸೆನ್ಸರಿನ ಡಿಜಿಟಲ್ ಕ್ಯಾಮೆರಾವನ್ನು ಬಿಟ್ಟು ಫುಲ್‌ಫ್ರೇಮ್ ಕ್ಯಾಮೆರಾಕ್ಕೆ ಏರಬೇಕೆ, ಏರುವುದಾದರೆ ಅದರ ಎಷ್ಟನೆಯ ಮೆಟ್ಟಿಲಿನಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಯು ನಾಡಿನ ಅನೇಕ ಛಾಯಾಗ್ರಾಹಕರ ಮನಸ್ಸಿನಲ್ಲಿರುವಂತೆ ಹೊನ್ನಾಳಿಯವನಾದ ನನ್ನ ಮನಸ್ಸಿನಲ್ಲಿಯೂ ಕೆಲವು ಕಾಲದಿಂದ ನೆಲೆಸಿದೆ. ತಯಾರಕರ ಅಂಕಿಪಟ್ಟಿಗಳು ಈ ಪ್ರಶ್ನೆಗೆ ಕೊಡುವ ಉತ್ತರವು ಎಲ್ಲ ಊರುಗಳಿಗೂ ಒಂದೇ ಆಗಿರುತ್ತದೆ. ನನಗಾದರೋ, ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಕಲೆತು ಒಂದೇ ಹೊಳೆಯಾಗಿ ಹರಿದುಬರುವ ಈ ದಂಡೆಯ ಮೇಲೆ, ನನ್ನ ಕಣ್ಣು ಹಂಬಲಿಸುವ ವಸ್ತುಗಳ ನಡುವೆಯೇ ನಿಂತು ಇದನ್ನು ನಿರ್ಣಯಿಸಬೇಕೆಂದು ತೋರಿತು.

ನಾನು ಚಿತ್ರ ತೆಗೆಯುವ ವಸ್ತುಗಳು ಮುಖ್ಯವಾಗಿ ಎರಡು ಬಗೆಯವು. ಮೊದಲನೆಯವು ಕಲ್ಲುಗಳು: ಹೊನ್ನಾಳಿ, ಈಚೆಗೆ ಪ್ರತ್ಯೇಕ ತಾಲ್ಲೂಕಾದ ನ್ಯಾಮತಿ, ನೆರೆಯ ಚನ್ನಗಿರಿ, ಈ ಮೂರು ಸೀಮೆಗಳ ಹಳ್ಳಿಗಳಲ್ಲಿ ಗುಡಿಯ ಮಗ್ಗುಲಲ್ಲಿಯೋ ಕೆರೆಯ ಏರಿಯ ಮೇಲೋ ಅಡಿಕೆ ತೋಟದ ಬೇಲಿಯಂಚಿನಲ್ಲಿಯೋ ನಿಂತಿರುವ ಶಾಸನಗಳು, ವೀರಗಲ್ಲುಗಳು, ಮಾಸ್ತಿಕಲ್ಲುಗಳು. ಎರಡನೆಯವು ದೀಪಗಳು, ಎಂದರೆ ದೀಪದ ಬೆಳಕಿನಲ್ಲಿ ಮಾತ್ರವೇ ಕಾಣುವ ಈ ನಾಡಿನ ಬಾಳು: ಗರ್ಭಗುಡಿಯ ಮಂಗಳಾರತಿ, ಕಾರ್ತಿಕದ ದೀಪೋತ್ಸವ, ಸೀಗೆ ಹುಣ್ಣಿಮೆಯ ನಸುಕಿನಲ್ಲಿ ಭೂಮಿತಾಯಿಗೆ ಎಡೆ ಹೊತ್ತು ಹೊಲಕ್ಕೆ ಹೊರಡುವ ರೈತಕುಟುಂಬ, ದೀಪಾವಳಿಯ ಅಮಾವಾಸ್ಯೆಯಂದು ತಾಂಡಾಗಳಲ್ಲಿ ಹಣತೆ ಹಿಡಿದು ಮನೆಮನೆಗೂ ನಡೆಯುವ ಲಂಬಾಣಿ ಕನ್ಯೆಯರು. ನಮ್ಮೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆಗಳ ಚಿತ್ರ ತೆಗೆದು ಜೀವಿಸುವ ಮಿತ್ರರೊಬ್ಬರು ನನ್ನ ಪ್ರಶ್ನೆಯನ್ನು ಪೂರ್ತಿಯಾಗಿ ಕೇಳಿ, ಹೆಚ್ಚು ಮಾತಾಡದೆ, “ಮೇಷ್ಟ್ರೇ, ಕಲ್ಲಿಗೆ ನಿಮ್ ಹಳೇ ಕ್ಯಾಮೆರಾನೇ ಸಾಕು. ದೀಪಕ್ಕೆ ಸಾಲಲ್ಲ,” ಎಂದರು. ಬಹುಕಾಲ ಕೈಯಲ್ಲಿ ಕ್ಯಾಮೆರಾ ಹಿಡಿದವರ ಮಾತದು. ಅದರ ಎರಡು ಭಾಗಗಳನ್ನೂ ಒಂದೊಂದಾಗಿ ಪರೀಕ್ಷಿಸಿ ನೋಡುವುದು ಈ ಬರಹದ ಉದ್ದೇಶ.

ಫುಲ್‌ಫ್ರೇಮ್ ಎಂಬ ಅಳತೆ 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರದ್ದು. ಇಂದು ದೊಡ್ಡದೆಂದು ನಾವು ಬಯಸುವ ಈ ಚೌಕಟ್ಟು ಹುಟ್ಟಿದಾಗ ಅತಿ ಚಿಕ್ಕದೆನಿಸಿತ್ತೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಜರ್ಮನಿಯ ವೆಟ್ಸ್‌ಲರ್ ಪಟ್ಟಣದ ಲೈಟ್ಸ್ ಕಾರ್ಖಾನೆಯಲ್ಲಿದ್ದ ಆಸ್ಕರ್ ಬಾರ್ನಾಕ್ ಎಂಬ ಯಂತ್ರಕುಶಲನು ಉಬ್ಬಸದಿಂದ ನರಳುತ್ತಿದ್ದವನು. ಗಾಜಿನ ಹಲಗೆಗಳ ಭಾರವಾದ ಕ್ಯಾಮೆರಾವನ್ನು ಹೊತ್ತು ಬೆಟ್ಟಗುಡ್ಡ ತಿರುಗುವುದು ಅವನಿಗೆ ದುಸ್ಸಾಧ್ಯವಾಗಿತ್ತು. ಆದುದರಿಂದ ಆತನು ಸಿನಿಮಾಕ್ಕೆಂದು ಬಳಕೆಯಲ್ಲಿದ್ದ 35 ಮಿಲಿಮೀಟರ್ ಫಿಲ್ಮನ್ನು ತೆಗೆದುಕೊಂಡು, ಅದರ 18 ಮತ್ತು 24 ಮಿಲಿಮೀಟರ್ ಅಳತೆಯ ಚೌಕಟ್ಟನ್ನು ಇಮ್ಮಡಿಗೊಳಿಸಿ, ಅಂಗೈಯಲ್ಲಿ ಹಿಡಿಯಬಹುದಾದ ಒಂದು ಯಂತ್ರವನ್ನು 1914ರ ವೇಳೆಗೆ ನಿರ್ಮಿಸಿದನು. ಮಹಾಯುದ್ಧವು ಕಳೆದು, 1925ರಲ್ಲಿ ಅದು ಲೈಕಾ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದು, ಮುಂದಿನ ಮುಕ್ಕಾಲು ಶತಮಾನದ ಕಾಲ ಲೋಕದ ಛಾಯಾಗ್ರಾಹಕರಿಗೆಲ್ಲ ಸಾಮಾನ್ಯವಾದ ಅಳತೆಯನ್ನು ಸ್ಥಾಪಿಸಿತು.

ಡಿಜಿಟಲ್ ಯುಗವು ಆರಂಭವಾದಾಗ ಅಷ್ಟು ದೊಡ್ಡ ಸಿಲಿಕಾನ್ ಫಲಕವನ್ನು ದೋಷವಿಲ್ಲದೆ ತಯಾರಿಸುವುದು ಬಹು ವೆಚ್ಚದ ಕೆಲಸವಾಗಿದ್ದುದರಿಂದ, 1999ರ ನಿಕಾನ್ ಡಿ1 ಮೊದಲಾದ ಕ್ಯಾಮೆರಾಗಳು ಅದರ ಅರ್ಧಕ್ಕಿಂತ ಕಡಿಮೆ ವಿಸ್ತಾರದ ಸೆನ್ಸರಿಗೆ ತೃಪ್ತಿಪಟ್ಟುಕೊಂಡವು. ಕ್ಯಾನನ್ ಸಂಸ್ಥೆಯ 1ಡಿಎಸ್ 2002ರಲ್ಲಿ ಪೂರ್ಣ ಅಳತೆಯ ಸೆನ್ಸರನ್ನು ಹೊತ್ತು ಬಂದಿತಾದರೂ ಅದರ ಬೆಲೆ ಸಾಮಾನ್ಯರಿಗೆ ನಿಲುಕುವಂತಿರಲಿಲ್ಲ. 2005ರ 5ಡಿ ಆ ಬೆಲೆಯನ್ನು ಬಹುಮಟ್ಟಿಗೆ ಇಳಿಸಿತು. 2013ರಲ್ಲಿ ಸೋನಿ ಸಂಸ್ಥೆಯು ಕನ್ನಡಿಯಿಲ್ಲದ ಎ7 ಕ್ಯಾಮೆರಾವನ್ನು ತಂದು ಭಾರವನ್ನು ಇಳಿಸಿತು. 2018ರಲ್ಲಿ ನಿಕಾನ್, ಕ್ಯಾನನ್ ಸಂಸ್ಥೆಗಳೂ ಅದೇ ಹಾದಿಯನ್ನು ಹಿಡಿದವು. ಒಮ್ಮೆ ನಗರದ ದೊಡ್ಡ ಪತ್ರಿಕೆಗಳವರ ಕೈಯಲ್ಲಿ ಮಾತ್ರ ಕಾಣುತ್ತಿದ್ದ ಸಾಧನವು ಇಂದು ನಮ್ಮಂಥ ತಾಲ್ಲೂಕು ಕೇಂದ್ರದ ಮದುವೆಯ ಮಂಟಪಗಳಲ್ಲಿಯೂ ಕಾಣುತ್ತಿದೆ. ಆದರೂ ಬಾಡಿ ಒಂದಕ್ಕೇ ಲಕ್ಷ ರೂಪಾಯಿಗಳ ಲೆಕ್ಕದಲ್ಲಿ ಮಾತಾಡಬೇಕಾದ ಈ ಖರೀದಿಯು, ಭತ್ತ ಮೆಕ್ಕೆಜೋಳಗಳ ಫಸಲನ್ನು ನೋಡಿಕೊಂಡು ಖರ್ಚು ಮಾಡುವ ಊರಿನಲ್ಲಿ, ಸುಲಭವಾಗಿ ಸಮರ್ಥಿಸಿಕೊಳ್ಳಬಹುದಾದದ್ದೇನೂ ಅಲ್ಲ.

ಮೊದಲು ಕಲ್ಲಿನ ಮಾತು. ನಮ್ಮ ಹೊಳೆಯ ದಂಡೆಗೂ ಛಾಯಾಗ್ರಹಣಕ್ಕೂ ಇರುವ ಸಂಬಂಧವು ಬಹಳ ಹಳೆಯದು. ಹೊನ್ನಾಳಿಯನ್ನು ದಾಟಿದ ತುಂಗಭದ್ರೆಯು ಹರಿಹರವನ್ನು ಬಳಸಿ ಮುಂದೆ ಹಂಪೆಯನ್ನು ಸೇರುವುದಷ್ಟೆ. ಆ ಹಂಪೆಯಲ್ಲಿ 1856ರಲ್ಲಿ, ಮದರಾಸು ಸೇನೆಯ ಅಧಿಕಾರಿಯಾಗಿದ್ದ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬಾತನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ವಿಜಯನಗರದ ಅವಶೇಷಗಳನ್ನು ಸೆರೆಹಿಡಿದನು. ಆ ಕಾಗದಗಳು ಒಂದೊಂದೂ ಒಂದು ಅಡಿಗಿಂತ ಹೆಚ್ಚು ಅಗಲದವು. ಅವುಗಳ ಮುಂದೆ ನಮ್ಮ ಫುಲ್‌ಫ್ರೇಮ್ ಚೌಕಟ್ಟು ಒಂದು ಅಂಚೆಚೀಟಿಗೆ ಸಮ. ಅದೇ ಕಾಲದಲ್ಲಿ ಬಿಗ್ಸ್, ಪಿಗೌ ಎಂಬ ಇಬ್ಬರು ಧಾರವಾಡ ಮತ್ತು ಮೈಸೂರು ಸೀಮೆಗಳ ದೇವಾಲಯಗಳನ್ನೂ ಶಾಸನಗಳನ್ನೂ ಚಿತ್ರಿಸಿದರು. ಅವು 1866ರಲ್ಲಿ ಗ್ರಂಥರೂಪವಾಗಿ ಪ್ರಕಟವಾದವು. ಮೇಜರ್ ಡಿಕ್ಸನ್ ತೆಗೆದ ಶಾಸನಚಿತ್ರಗಳನ್ನು ಆಧರಿಸಿ ಬಿ. ಎಲ್. ರೈಸ್ ಅವರು ಮೈಸೂರು ದೇಶದ ಶಾಸನಗಳ ಅನುವಾದವನ್ನು 1879ರಲ್ಲಿ ಹೊರತಂದರು. ಆ ಮೇಲೆ ಅವರೇ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಗ್ರಂಥಮಾಲೆಯ ಏಳನೆಯ ಸಂಪುಟ, 1902ರಲ್ಲಿ ಬಂದುದು, ಶಿವಮೊಗ್ಗ ಶಿಕಾರಿಪುರಗಳೊಡನೆ ನಮ್ಮ ಹೊನ್ನಾಳಿಯ ಮತ್ತು ಚನ್ನಗಿರಿಯ ಶಾಸನಗಳನ್ನು ಒಳಗೊಂಡಿತು. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟುವವರೆಗೂ ನಾವು ಶಿವಮೊಗ್ಗದವರಾಗಿದ್ದುದರಿಂದ ನಮ್ಮ ಊರುಗಳ ಪೂರ್ವಕಥೆಯನ್ನು ಹುಡುಕುವವನು ಇಂದಿಗೂ ಶಿವಮೊಗ್ಗದ ಹೆಸರಿನ ಆ ಸಂಪುಟವನ್ನೇ ತೆರೆಯಬೇಕು. ಬೆಳಗುತ್ತಿಯಿಂದ ಆಳಿದ ಸಿಂದ ಅರಸರ ಹೆಸರುಗಳು ನಮಗೆ ಉಳಿದಿರುವುದು ಇಂಥ ಕಲ್ಲುಗಳ ದೆಸೆಯಿಂದ.

ಆ ಸಂಪುಟವನ್ನು ಕಂಕುಳಲ್ಲಿಟ್ಟುಕೊಂಡು ಹಳ್ಳಿಗಳಿಗೆ ಹೋದವನಿಗೆ ಕೂಡಲೇ ತಿಳಿಯುವ ಸಂಗತಿಯೆಂದರೆ, ಕಲ್ಲಿನ ಚಿತ್ರಕ್ಕೆ ಬೇಕಾದುದು ಬೆಳಕಿನ ರಾಶಿಗಿಂತ ಹೆಚ್ಚಾಗಿ ಬೆಳಕಿನ ದಿಕ್ಕು ಎಂಬುದು. ನಡುಹಗಲಿನ ಬಿಸಿಲಿನಲ್ಲಿ ಸವೆದ ಶಾಸನವು ಬರಿಯ ಬಂಡೆಯಂತೆ ತೋರುತ್ತದೆ. ಅದೇ ಕಲ್ಲನ್ನು ಬೆಳಗಿನ ಎಳೆಬಿಸಿಲು ಪಕ್ಕದಿಂದ ಸವರಿಕೊಂಡು ಹೋಗುವ ವೇಳೆಯಲ್ಲಿ ನೋಡಿದರೆ, ಪ್ರತಿಯೊಂದು ಅಕ್ಷರದ ತೋಡಿನಲ್ಲಿಯೂ ಸಣ್ಣದೊಂದು ನೆರಳು ಕೂತು, ಸಾಲುಗಳು ತಾವಾಗಿ ಎದ್ದು ನಿಲ್ಲುತ್ತವೆ. ಉತ್ತರಕ್ಕೆ ಮುಖಮಾಡಿ ನಿಂತ ಕಲ್ಲಿಗೆ ವರ್ಷದ ಅರ್ಧದಷ್ಟು ಕಾಲ ಬಿಸಿಲೇ ಸೋಕುವುದಿಲ್ಲ. ಅಲ್ಲಿ ಸಾಧಾರಣವಾದ ಒಂದು ಕನ್ನಡಿಯನ್ನು ಹಿಡಿದು, ಬಿಸಿಲನ್ನು ಮಗ್ಗುಲಿನಿಂದ ಹಾಯಿಸಿದರೆ ಕೆಲಸವಾಗುತ್ತದೆ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ವೀರನು ಕಾದಿ ಮಡಿಯುವನು, ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಒಯ್ಯುವರು, ಮೇಲಿನದರಲ್ಲಿ ಅವನು ಕೈಲಾಸದಲ್ಲಿ ಲಿಂಗದ ಸನ್ನಿಧಿಯನ್ನು ಸೇರುವನು. ಈ ಮೂರು ಪಟ್ಟಿಕೆಗಳ ಉಬ್ಬು ಒಂದೇ ತೆರನಾಗಿರುವುದಿಲ್ಲವಾದುದರಿಂದ ಮೂರಕ್ಕೂ ಒಪ್ಪುವ ಬೆಳಕಿಗಾಗಿ ಕಾಯಬೇಕಾಗುತ್ತದೆ. ಕಲ್ಲು ಅಲುಗುವುದಿಲ್ಲ, ಟ್ರೈಪಾಡ್ ಮೇಲೆ ಕ್ಯಾಮೆರಾವನ್ನು ನಿಲ್ಲಿಸಿ, ಸಂವೇದನೆಯನ್ನು ಐಎಸ್‌ಒ 100ಕ್ಕೆ ಇಳಿಸಿ, ಶಟರನ್ನು ಬೇಕಾದಷ್ಟು ಹೊತ್ತು ತೆರೆದಿಡಬಹುದು. ಅಂಥ ನಿಧಾನದಲ್ಲಿ ಸಣ್ಣ ಸೆನ್ಸರು ತೆಗೆದ ಚಿತ್ರಕ್ಕೂ ದೊಡ್ಡ ಸೆನ್ಸರು ತೆಗೆದ ಚಿತ್ರಕ್ಕೂ ಇರುವ ಅಂತರವು ಪುಸ್ತಕದ ಪುಟದ ಮೇಲೆ ಕಾಣುವಂಥದಲ್ಲ. ಮಿತ್ರರ ಮಾತಿನ ಮೊದಲ ಭಾಗವು ಸತ್ಯವೆಂದು ನಾನು ಒಪ್ಪಿಕೊಂಡೆನು. ಕಲ್ಲಿನ ಸಲುವಾಗಿ ಹಣವುಳ್ಳವನು ಅದನ್ನು ಗಟ್ಟಿಯಾದ ಟ್ರೈಪಾಡಿಗೂ ಮುಂಜಾನೆಯ ಬಸ್ಸಿಗೂ ವೆಚ್ಚಮಾಡುವುದು ಲೇಸು.

ದೂರದ ವಸ್ತುಗಳ ವಿಷಯದಲ್ಲಂತೂ ಸಣ್ಣ ಚೌಕಟ್ಟೇ ಅನುಕೂಲ. ಅದರ ಮೇಲೆ 300 ಮಿಲಿಮೀಟರ್ ಲೆನ್ಸು ಕೊಡುವ ನೋಟವು ಫುಲ್‌ಫ್ರೇಮಿನಲ್ಲಿ 450 ಮಿಲಿಮೀಟರ್ ಲೆನ್ಸು ಕೊಡುವ ನೋಟಕ್ಕೆ ಸಮ. ಹೊಳೆಯ ನಡುಗಡ್ಡೆಯ ಮೇಲಿನ ಕೊಕ್ಕರೆಗೂ, ಜಗಳೂರು ಸೀಮೆಯ ರಂಗಯ್ಯನದುರ್ಗದ ಕಾಡಿನಲ್ಲಿ ಅಂಜುತ್ತಂಜುತ್ತ ಮೇಯುವ ಕೊಂಡುಕುರಿಗೂ ಆ ನೀಳವಾದ ನೋಟವೇ ಬೇಕು. ಅದನ್ನು ದೊಡ್ಡ ಚೌಕಟ್ಟಿನಲ್ಲಿ ಪಡೆಯಹೊರಟವನು ಇಮ್ಮಡಿ ಹಣವನ್ನೂ ಇಮ್ಮಡಿ ಭಾರವನ್ನೂ ಹೊರಬೇಕಾಗುವುದು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರೂ ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಅವರೂ ಹಕ್ಕಿಗಳ ಮುಂದೆ ಕಾದು ಕುಳಿತ ಕಾಲದಲ್ಲಿ ಅವರನ್ನು ಗೆಲ್ಲಿಸಿದುದು ಹಕ್ಕಿಯ ಬಾಳನ್ನು ಬಲ್ಲ ಅವರ ತಾಳ್ಮೆಯೆಂಬುದನ್ನು ಅವರ ಚಿತ್ರಗಳನ್ನು ನೋಡಿದವರೆಲ್ಲ ಬಲ್ಲರು.

ಇನ್ನು ದೀಪದ ಮಾತು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರ ಸಮುದಾಯದವರಿಗೆ ಪರಮಪವಿತ್ರವಾದ ಕ್ಷೇತ್ರ. ಫೆಬ್ರವರಿಯ ಜಯಂತಿಗೆ ನಾನಾ ರಾಜ್ಯಗಳಿಂದ ಭಕ್ತರು ಅಲ್ಲಿಗೆ ಬರುತ್ತಾರೆ. ಸುತ್ತಲಿನ ಸೀಮೆಯಲ್ಲಿ ತಾಂಡಾಗಳು ಹಲವು. ದೀಪಾವಳಿಯ ಅಮಾವಾಸ್ಯೆಯಂದು ಕತ್ತಲಾದ ಬಳಿಕ, ಕನ್ನಡಿಯ ಬಿಲ್ಲೆಗಳನ್ನು ಹೊಲಿದ ಪೇಟಿಯಾ ತೊಟ್ಟ ಕನ್ಯೆಯರು ಕೈಯಲ್ಲಿ ದೀಪಗಳನ್ನು ಹಿಡಿದು, ಮೊದಲು ತಾಂಡಾದ ನಾಯಕನ ಮನೆಗೂ ಆಮೇಲೆ ಉಳಿದ ಮನೆಗಳಿಗೂ ಹೋಗಿ, ಹಿರಿಯರಿಗೆ ಹಾಡಿನಲ್ಲಿ ಶುಭವನ್ನು ಕೋರುತ್ತಾರೆ. ಅದಕ್ಕೆ ಮೇರಾ ಎಂದು ಹೆಸರು. ಮದುವೆಯಾಗಿ ಹೋಗುವವಳಿಗೆ ತವರಿನಲ್ಲಿ ಅದೇ ಕೊನೆಯ ಮೇರಾ ಆಗಿರುವುದುಂಟು. ಆದುದರಿಂದ ಆ ಹಾಡಿನಲ್ಲಿ ಹರ್ಷವೂ ಅಗಲಿಕೆಯೂ ಬೆರೆತಿರುತ್ತವೆ. ಆ ವೇಳೆಯಲ್ಲಿ ಹಣತೆಯ ಬೆಳಕು ಗಲ್ಲದ ಕೆಳಗಿನಿಂದ ಎದ್ದು, ಬಿಲ್ಲೆಗಳಲ್ಲಿ ನೂರಾಗಿ ಒಡೆದು, ಬಾಗಿಲಲ್ಲಿ ನಿಂತ ಅಜ್ಜಿಯ ಮುಖದ ಸುಕ್ಕುಗಳವರೆಗೂ ತಲುಪಿ ಅಲ್ಲಿಗೆ ನಿಲ್ಲುತ್ತದೆ. ನನಗೆ ಬೇಕಾದ ಚಿತ್ರ ಅದು.

ಅದರ ಬೆಳಕಿನ ಲೆಕ್ಕವನ್ನು ಹಾಕಿ ನೋಡೋಣ. ಎಣ್ಣೆಯ ಹಣತೆಯೊಂದರ ಪ್ರಕಾಶವು ಸ್ಥೂಲವಾಗಿ ಒಂದು ಮೇಣದ ಬತ್ತಿಯಷ್ಟು. ಅರ್ಧ ಮೀಟರ್ ದೂರದ ಮುಖದ ಮೇಲೆ ಅದು ಚೆಲ್ಲುವ ಬೆಳಕು ಸುಮಾರು ನಾಲ್ಕು ಲಕ್ಸ್. ಬಿಸಿಲಿನ ಬಯಲಿನಲ್ಲಿಯಾದರೆ ಅದು ಲಕ್ಷ ಲಕ್ಸ್ ಮುಟ್ಟುತ್ತದೆ. ಎಫ್ 1.8ರವರೆಗೆ ತೆರೆಯುವ ಒಳ್ಳೆಯ ಲೆನ್ಸನ್ನು ಹಾಕಿ, ಸಂವೇದನೆಯನ್ನು ಐಎಸ್‌ಒ 6400ಕ್ಕೆ ಏರಿಸಿದರೂ ಶಟರಿಗೆ ಒದಗುವ ಕಾಲವು ಸೆಕೆಂಡಿನ ಮೂವತ್ತನೆಯ ಒಂದು ಭಾಗದಷ್ಟು. ನಡೆಯುತ್ತ ಹಾಡುವವರನ್ನು ಸ್ಫುಟವಾಗಿ ಹಿಡಿಯಲು ನೂರಿಪ್ಪತ್ತೈದನೆಯ ಒಂದು ಭಾಗವಾದರೂ ಬೇಕು. ಸಂವೇದನೆಯನ್ನು ಇನ್ನೂ ಏರಿಸಿದರೆ ಸಣ್ಣ ಸೆನ್ಸರಿನಲ್ಲಿ ಕತ್ತಲೆಯ ಭಾಗಗಳು ಮರಳಿನಂತೆ ಕೆದರಿ, ಮುಖದ ಬಣ್ಣವು ಕದಡಿಹೋಗುತ್ತದೆ. ಇದು ತಯಾರಕರ ನ್ಯೂನತೆಯಲ್ಲ, ಬೆಳಕಿನ ಸ್ವಭಾವವೇ ಅಂಥದು. ಬೆಳಕು ಕಣಕಣವಾಗಿ ಬಂದು ಬೀಳುವಂಥದು. ಬೀಳುವ ಕಣಗಳು ವಿರಳವಾದಷ್ಟೂ ಒಂದು ಬಿಂದುವಿಗೂ ನೆರೆಯ ಬಿಂದುವಿಗೂ ನಡುವಿನ ಏರುಪೇರು ಎದ್ದುಕಾಣುತ್ತದೆ. ಫುಲ್‌ಫ್ರೇಮ್ ಸೆನ್ಸರಿನ ವಿಸ್ತಾರ 864 ಚದರ ಮಿಲಿಮೀಟರ್. ನನ್ನ ಸಣ್ಣ ಸೆನ್ಸರಿನದು ಸುಮಾರು 366. ಒಂದೇ ನೋಟವನ್ನು ಒಂದೇ ಎಫ್ ಸಂಖ್ಯೆಯಲ್ಲಿ, ಒಂದೇ ಶಟರ್ ವೇಗದಲ್ಲಿ ತೆಗೆದರೆ ದೊಡ್ಡ ಸೆನ್ಸರು ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು ಬೆಳಕನ್ನು ಒಳಗೊಳ್ಳುವುದು. ಚಿತ್ರದ ನೈರ್ಮಲ್ಯವು ಅದರಿಂದ ಸುಮಾರು ಒಂದೂವರೆ ಪಟ್ಟು ಹೆಚ್ಚುವುದು. ಕತ್ತಲೆಯನ್ನೆಲ್ಲ ಅಳಿಸಿಬಿಡುವಷ್ಟು ದೊಡ್ಡ ಲಾಭವೇನೂ ಇದಲ್ಲ. ಆದರೆ ಅಜ್ಜಿಯ ಮುಖವು ಕದಡುವುದಕ್ಕೂ ತಿಳಿಯಾಗಿ ಉಳಿಯುವುದಕ್ಕೂ ನಡುವಿನ ಅಂತರವು ಬಹುಮಟ್ಟಿಗೆ ಅಷ್ಟೇ.

ಇಲ್ಲಿ ಲೆನ್ಸಿನ ಪಾಲನ್ನು ಮರೆಯಬಾರದು. ಭದ್ರಾ ನಾಲೆಯ ತೂಬನ್ನು ಎಷ್ಟು ಅಗಲವಾಗಿ ತೆರೆದರೆ ಅಷ್ಟು ಬೇಗ ಗದ್ದೆಗೆ ನೀರು ಹಾಯುವಂತೆ, ಲೆನ್ಸಿನ ಬಾಯಿ ತೆರೆದಷ್ಟೂ ಬೆಳಕು ಒಳಕ್ಕೆ ನುಗ್ಗುತ್ತದೆ. ಕ್ಯಾಮೆರಾದೊಡನೆ ಸಾಮಾನ್ಯವಾಗಿ ಬರುವ ಕಿಟ್ ಲೆನ್ಸು ಪೂರ್ತಿ ಎಳೆದಾಗ ಎಫ್ 5.6ಕ್ಕೆ ನಿಲ್ಲುತ್ತದೆ, ಎಫ್ 1.8ರ ಲೆನ್ಸು ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕನ್ನು ಕೊಡುತ್ತದೆ. ಬಾಡಿಯನ್ನು ಬದಲಿಸಿದರೆ ಎರಡೂಕಾಲು ಪಟ್ಟು, ಲೆನ್ಸನ್ನು ಬದಲಿಸಿದರೆ ಹತ್ತು ಪಟ್ಟು. ಲೆನ್ಸಿನ ಬೆಲೆಯಾದರೋ ಬಾಡಿಯ ಬೆಲೆಯ ಒಂದು ಸಣ್ಣ ಅಂಶ. ಇನ್ನೂ ಕಿಟ್ ಲೆನ್ಸಿನಲ್ಲಿಯೇ ಇರುವವರು ಫುಲ್‌ಫ್ರೇಮಿನ ಆಲೋಚನೆಯನ್ನು ಸದ್ಯಕ್ಕೆ ಬದಿಗಿಟ್ಟು, 35 ಅಥವಾ 50 ಮಿಲಿಮೀಟರಿನ ಒಂದು ಬೆಳಕಿನ ಲೆನ್ಸನ್ನು ಕೊಳ್ಳಬೇಕೆಂದು ನಾನು ನಿಸ್ಸಂಕೋಚವಾಗಿ ಹೇಳುವೆನು. ಅದೂ ಫುಲ್‌ಫ್ರೇಮಿಗೆ ಹೊಂದುವ ಲೆನ್ಸಾದರೆ ಮುಂದೆಯೂ ಉಪಯೋಗಕ್ಕೆ ಬರುವುದು. ನಾನು ಆ ಮೆಟ್ಟಿಲನ್ನು ಏರಿಯಾಗಿದೆ. ಬೆಳಕಿನ ಲೆನ್ಸನ್ನು ಹಾಕಿದ ಮೇಲೂ ಮೇರಾದ ಮುಖಗಳು ನನ್ನ ಕ್ಯಾಮೆರಾಕ್ಕೆ ನಿಲುಕುತ್ತಿಲ್ಲವಾದುದರಿಂದಲೇ ಮುಂದಿನ ಮೆಟ್ಟಿಲಿನ ಮಾತು ಹುಟ್ಟಿದುದು.

ಫ್ಲ್ಯಾಶ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಮದುವೆಯ ಮಂಟಪದಲ್ಲಿ ಅದು ಸಲ್ಲುತ್ತದೆ. ಅಲ್ಲಿ ಎಲ್ಲರೂ ಚಿತ್ರಕ್ಕಾಗಿಯೇ ಅಣಿಯಾಗಿ ನಿಂತಿರುತ್ತಾರೆ. ಆದರೆ ಹಣತೆಯ ಬೆಳಕನ್ನೇ ವಸ್ತುವಾಗಿ ಉಳ್ಳ ಚಿತ್ರದಲ್ಲಿ ಫ್ಲ್ಯಾಶನ್ನು ಹಾರಿಸುವುದೆಂದರೆ, ಯಾವುದನ್ನು ಉಳಿಸಹೊರಟೆವೋ ಅದನ್ನೇ ಅಳಿಸಿದಂತೆ. ಗರ್ಭಗುಡಿಯ ಮುಂದೆ ಕಣ್ಣುಮುಚ್ಚಿ ನಿಂತವರ ಮುಖಕ್ಕೆ ಅದು ಹೊಡೆದರೆ ಅವರ ಧ್ಯಾನವೂ ಕೆಡುತ್ತದೆ. ಕನ್ನಡಿಯಿಲ್ಲದ ಈಚಿನ ಕ್ಯಾಮೆರಾಗಳಲ್ಲಿ ಶಟರಿನ ಸದ್ದನ್ನೂ ಪೂರ್ತಿಯಾಗಿ ನಿಲ್ಲಿಸಬಹುದೆಂಬುದು, ನನ್ನ ದೃಷ್ಟಿಯಲ್ಲಿ, ಅವುಗಳ ಅಂಕಿಪಟ್ಟಿಯ ಎಷ್ಟೋ ದೊಡ್ಡ ಅಂಕಿಗಳಿಗಿಂತ ಮೇಲಾದ ಗುಣ. ಜನರ ಬಾಳಿನ ಗಂಭೀರ ಮುಹೂರ್ತಗಳಲ್ಲಿ ಛಾಯಾಗ್ರಾಹಕನು ಎಷ್ಟು ಕಡಿಮೆ ಕಾಣಿಸಿಕೊಂಡರೆ, ಎಷ್ಟು ಕಡಿಮೆ ಕೇಳಿಸಿಕೊಂಡರೆ ಅಷ್ಟೂ ಒಳ್ಳೆಯದು. ಹೀಗೆ ಮಿತ್ರರ ಮಾತಿನ ಎರಡನೆಯ ಭಾಗವೂ ಪರೀಕ್ಷೆಯಲ್ಲಿ ನಿಂತಿತು. ಹಗಲಿನಲ್ಲಿ ಕೆಲಸ ಮಾಡುವವನಿಗೆ ಅನಾವಶ್ಯಕವಾದ ಸಾಧನವು ಹಣತೆಯ ಮುಂದೆ ನಿಲ್ಲುವವನಿಗೆ ಆವಶ್ಯಕವಾಗಿದೆ.

ಹಾಗಾದರೆ ಫುಲ್‌ಫ್ರೇಮಿನಲ್ಲಿಯೇ ಅತ್ಯುನ್ನತವಾದುದನ್ನು ಕೊಳ್ಳಬೇಕೆ? ಆ ಮೇಲಿನ ಮೆಟ್ಟಿಲುಗಳಲ್ಲಿ 45, 60 ಮೆಗಾಪಿಕ್ಸೆಲ್‌ಗಳ ಕ್ಯಾಮೆರಾಗಳಿವೆ. 24 ಮೆಗಾಪಿಕ್ಸೆಲ್‌ನ ಚಿತ್ರವೊಂದರಲ್ಲಿ ಅಡ್ಡಕ್ಕೆ 6000, ನೆಟ್ಟಗೆ 4000 ಬಿಂದುಗಳಿರುತ್ತವೆ. ಉತ್ತಮ ಮುದ್ರಣಕ್ಕೆ ಬೇಕಾದ ಅಂಗುಲಕ್ಕೆ 300 ಬಿಂದುಗಳ ಲೆಕ್ಕದಲ್ಲಿ ಅದು 20 ಅಂಗುಲ ಉದ್ದ, 13 ಅಂಗುಲಕ್ಕೂ ಮಿಗಿಲಾದ ಅಗಲದ ಚಿತ್ರವಾಗುತ್ತದೆ. ಎ3 ಹಾಳೆಗೆ ಹದಿನೇಳೂವರೆ ಮೆಗಾಪಿಕ್ಸೆಲ್ ಸಾಕು. ತಾಂಡಾದ ಮನೆಯ ಗೋಡೆಗಾಗಲಿ ಗ್ರಂಥದ ಪುಟಕ್ಕಾಗಲಿ ಶಾಲೆಯ ಪ್ರದರ್ಶನಕ್ಕಾಗಲಿ ಇದಕ್ಕಿಂತ ಹೆಚ್ಚಿನದು ಬೇಡ. ಪಿಕ್ಸೆಲ್‌ಗಳು ಹೆಚ್ಚಿದಂತೆ ಒಂದೊಂದು ಚಿತ್ರವೂ ಆಕ್ರಮಿಸುವ ಜಾಗ ಹೆಚ್ಚುತ್ತದೆ, ಅದನ್ನು ಸಂಸ್ಕರಿಸುವ ಕಂಪ್ಯೂಟರು ಬಲವಾಗಬೇಕಾಗುತ್ತದೆ, ಅದಕ್ಕೆ ತಕ್ಕ ಲೆನ್ಸುಗಳ ಬೆಲೆಯೂ ಭಾರವೂ ಏರುತ್ತವೆ. 70ರಿಂದ 200 ಮಿಲಿಮೀಟರಿನ ಎಫ್ 2.8 ಜೂಮ್ ಲೆನ್ಸೊಂದೇ ಹಲವು ತಯಾರಿಕೆಗಳಲ್ಲಿ ಒಂದೂವರೆ ಕಿಲೋ ತೂಗುತ್ತದೆ. ಭಾರವನ್ನು ತಪ್ಪಿಸಿಕೊಳ್ಳಲೆಂದೇ ಬಾರ್ನಾಕ್ ಈ ಚೌಕಟ್ಟನ್ನು ಕಂಡುಹಿಡಿದನೆಂಬುದನ್ನು ನೆನೆದು, ನಾನು 24 ಮೆಗಾಪಿಕ್ಸೆಲ್‌ನ ಮೆಟ್ಟಿಲಿನಲ್ಲಿಯೇ, ಅದರಲ್ಲಿಯೂ ಒಂದು ಪೀಳಿಗೆ ಹಳೆಯದಾಗಿ ಬೆಲೆಯಿಳಿದ ಮಾದರಿಯಲ್ಲಿಯೇ ನಿಲ್ಲುವುದೆಂದು ನಿಶ್ಚಯಿಸಿದೆನು.

ಹೀಗೆ ಮಿಗುವ ಹಣಕ್ಕೆ ಬೇರೊಂದು ವಿನಿಯೋಗವಿದೆ. ಈ ಬರಹದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಅದನ್ನೇ. ಗ್ರೀನ್‌ಲಾ ತೆಗೆದ ಹಂಪೆಯ ನೆಗೆಟಿವ್‌ಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ಲೋಕದ ಕಣ್ಣಿಗೆ ಬೀಳದೆ ಇದ್ದು, 1980ರ ಸುಮಾರಿಗೆ ಬೆಳಕಿಗೆ ಬಂದವು. ಆಮೇಲೆ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವರು ಗ್ರೀನ್‌ಲಾ ನಿಂತ ತಾಣಗಳಲ್ಲಿಯೇ ನಿಂತು ಅದೇ ನೋಟಗಳನ್ನು ಮತ್ತೆ ಚಿತ್ರಿಸಿದುದರಿಂದ, ಯಾವ ಗೋಡೆ ಬಿದ್ದಿತು, ಯಾವ ಕಂಬ ಉಳಿಯಿತು ಎಂಬುದನ್ನು ವಿದ್ವಾಂಸರು ಪಕ್ಕಪಕ್ಕದಲ್ಲಿಟ್ಟು ನೋಡುವಂತಾಯಿತು. 1856ರ ಆ ಯಂತ್ರ ಎಂಥದಾಗಿತ್ತೆಂದು ಈಗ ಕೇಳುವವರು ವಿರಳ; ಕಾಗದಗಳನ್ನು ಯಾರೋ ಎಸೆಯದೆ ಕಾಪಾಡಿದುದರಿಂದ ನಮಗೆ ಅಂದಿನ ಹಂಪೆ ದೊರೆತಿದೆ. ಇತ್ತ ನಮ್ಮ ಸಣ್ಣ ಊರುಗಳ ಸ್ಟುಡಿಯೋಗಳಲ್ಲಿ ಎರಡು ಮೂರು ತಲೆಮಾರುಗಳ ಮದುವೆ, ಜಾತ್ರೆ, ಶಾಲೆಯ ಗುಂಪುಚಿತ್ರಗಳ ನೆಗೆಟಿವ್‌ಗಳು ಡಬ್ಬಗಳಲ್ಲಿ ತೇವ ಹಿಡಿದು ಹಾಳಾದುದನ್ನು ಬಲ್ಲವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಡಿಜಿಟಲ್ ಚಿತ್ರಕ್ಕೆ ತೇವದ ಭಯವಿಲ್ಲ. ಆದರೆ ಒಂದು ಹಾರ್ಡ್ ಡಿಸ್ಕ್ ಕೆಟ್ಟರೆ ಹತ್ತು ವರ್ಷಗಳ ಊರು ಒಂದೇ ಗಳಿಗೆಯಲ್ಲಿ ಇಲ್ಲವಾಗುತ್ತದೆ. ಆದುದರಿಂದ ಪ್ರತಿಯೊಂದು ಚಿತ್ರಕ್ಕೂ ಮೂರು ಪ್ರತಿಗಳಿರಬೇಕು, ಅವುಗಳಲ್ಲಿ ಒಂದು ಬೇರೊಂದು ಮನೆಯಲ್ಲಿರಬೇಕು, ಆಯ್ದ ಚಿತ್ರಗಳು ಒಳ್ಳೆಯ ಕಾಗದದ ಮೇಲೆ ಮುದ್ರಣವಾಗಿ, ಸ್ಥಳ, ತಿಥಿ, ವ್ಯಕ್ತಿಗಳ ಹೆಸರುಗಳನ್ನು ಹಿಂಬದಿಯಲ್ಲಿ ಬರೆಸಿಕೊಂಡಿರಬೇಕು. ಇದಕ್ಕೆಲ್ಲ ಹಣ ತಗಲುತ್ತದೆ. ಕ್ಯಾಮೆರಾ ಕೊಳ್ಳುವಾಗಲೇ ಅದನ್ನು ಬದಿಗೆ ತೆಗೆದಿಡದವನು ಮುಂದೆ ಎಂದೂ ತೆಗೆದಿಡಲಾರನು.

ಚಿತ್ರವನ್ನು ಕಾಪಾಡಬೇಕಾದವನು ಛಾಯಾಗ್ರಾಹಕನೊಬ್ಬನೇ ಅಲ್ಲ, ಚಿತ್ರಕ್ಕೆ ಒಳಗಾದವರಿಗೂ ಅದರಲ್ಲಿ ಪಾಲಿದೆ. ತಾಂಡಾದ ಹಿರಿಯರೊಬ್ಬರು ಒಮ್ಮೆ ನನ್ನನ್ನು ತಡೆದು, “ಫೋಟೋ ತೆಕ್ಕಂಡು ಹೋಗೋರು ಭಾಳ ಜನ ಬರ್ತಾರ್ರೀ ಮೇಷ್ಟ್ರೇ, ತಂದು ಕೊಡೋರು ಯಾರೂ ಇಲ್ಲ,” ಎಂದರು. ಮುನಿಸಿನಿಂದ ಆಡಿದ ಮಾತಲ್ಲ ಅದು, ನಡೆದುದನ್ನು ನಡೆದಂತೆ ಹೇಳಿದರು. ಬೇರೆಯವರ ಮನೆಯ ಹಬ್ಬವನ್ನೂ ಅವರ ಹೆಣ್ಣುಮಕ್ಕಳ ಹಾಡನ್ನೂ ಹಿರಿಯರ ಮುಖವನ್ನೂ ನಾವು ತೆಗೆದುಕೊಂಡು ಬರುವುದು ಒಂದು ಋಣ. ಮೈಸೂರಿನ ಟಿ. ಎಸ್. ಸತ್ಯನ್ ಅವರು ಬಹುಕಾಲ ಸಾಮಾನ್ಯ ಜನರ ದೈನಂದಿನ ಬಾಳನ್ನೇ ಚಿತ್ರಿಸುತ್ತ ಹೋದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನವು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ನಡೆಯಿತು. ಅಂಥ ಗೌರವದಿಂದ ಜನರನ್ನು ನೋಡುವ ದೃಷ್ಟಿಯನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು. ಆದರೆ ತೆಗೆದ ಚಿತ್ರವನ್ನು ತಂದು ಕೊಡುವುದು ಎಲ್ಲರಿಗೂ ಸಾಧ್ಯ. ಹೆಚ್ಚು ಬೆಳಕನ್ನು ಕಾಣಬಲ್ಲ ಕ್ಯಾಮೆರಾವನ್ನು ಹಿಡಿದವನು ಹೆಚ್ಚು ಜನರ ಮುಖಗಳನ್ನು ಪಡೆಯುತ್ತಾನೆ. ಅವನು ಮರಳಿಸಬೇಕಾದುದೂ ಅಷ್ಟಕ್ಕಷ್ಟು ಬೆಳೆಯುತ್ತದೆ.

ಆದುದರಿಂದ ನನ್ನ ನಿರ್ಣಯವು ಇದು. ಹಳೆಯ ಕ್ಯಾಮೆರಾ ಕಲ್ಲುಗಳಿಗೂ ಹಕ್ಕಿಗಳಿಗೂ ಮೀಸಲಾಗಿ ನನ್ನಲ್ಲಿಯೇ ಉಳಿಯುವುದು. ದೀಪಗಳಿಗಾಗಿ ಮಧ್ಯಮ ದರ್ಜೆಯ ಒಂದು ಫುಲ್‌ಫ್ರೇಮ್ ಬಾಡಿಯನ್ನೂ, ಅದಕ್ಕೆ ಜೊತೆಯಾಗಿ ಎಫ್ 1.8ರ 50 ಮಿಲಿಮೀಟರ್ ಲೆನ್ಸು ಒಂದನ್ನೂ ಮಾತ್ರ ಕೊಳ್ಳುವೆನು. ಉನ್ನತ ದರ್ಜೆಯ ಕ್ಯಾಮೆರಾಕ್ಕೂ ಇದಕ್ಕೂ ಬೆಲೆಯಲ್ಲಿರುವ ಅಂತರವನ್ನು ಮುದ್ರಣಕ್ಕೂ ಪ್ರತಿಗಳ ರಕ್ಷಣೆಗೂ ಎತ್ತಿಡುವೆನು. ಇಂಥ ಖರೀದಿಯ ಹೊಸ್ತಿಲಲ್ಲಿ ನಿಂತ ಬೇರೆ ಊರಿನವರಿಗೂ ನಾನು ಹೇಳಬಲ್ಲದ್ದು ಇಷ್ಟೇ: ನಿಮ್ಮ ಕೈಯ ಕ್ಯಾಮೆರಾ ಯಾವ ವೇಳೆಯಲ್ಲಿ, ಯಾವ ವಸ್ತುವಿನ ಮುಂದೆ ಸೋಲುತ್ತಿದೆಯೆಂಬುದನ್ನು ಹೆಸರಿಟ್ಟು ಹೇಳಬಲ್ಲಿರಾದರೆ ಮುಂದುವರಿಯಿರಿ, ಹೇಳಲಾರಿರಾದರೆ ಇನ್ನಷ್ಟು ದಿನ ಅದರಲ್ಲಿಯೇ ದುಡಿಯಿರಿ. ನನ್ನ ಮಟ್ಟಿಗೆ ನಾನು ಹಾಕಿಕೊಂಡ ಕಟ್ಟಳೆಯೊಂದಿದೆ. ಒಂದು ದೀಪಾವಳಿಯಲ್ಲಿ ತೆಗೆದ ಚಿತ್ರಗಳು ಮುಂದಿನ ದೀಪಾವಳಿಯೊಳಗೆ ಮುದ್ರಣವಾಗಿ ಆಯಾ ಮನೆಗಳನ್ನು ಸೇರಿರಬೇಕು. ಅದು ನಡೆದ ವರ್ಷ ಕ್ಯಾಮೆರಾಕ್ಕೆ ಕೊಟ್ಟ ಹಣವು ಸಾರ್ಥಕವಾಯಿತೆಂದು ತಿಳಿಯುವೆನು. ನಡೆಯದ ವರ್ಷ ಇದಕ್ಕಿಂತ ಮೇಲಾದ ಕ್ಯಾಮೆರಾದ ಮಾತನ್ನೆತ್ತುವ ಅಧಿಕಾರ ನನಗಿಲ್ಲ.